ಗೋಳಿಬಜೆಯ ರೇಟು ಏರಿದ್ದು ಇಳಿಯುವುದಿಲ್ಲ, ಯಾಕೆ?

[ದೃಶ್ಯ: ಹೋಟೆಲಿನ ದರಪಟ್ಟಿ, ಹತ್ತಿರದಿಂದ]

ಉಡುಪಿಯ ಒಂದು ಸಣ್ಣ ಹೋಟೆಲಿನ ಬೋರ್ಡು ಇದು. ಗೋಳಿಬಜೆಯ ರೇಟಿನ ಮೇಲೆ ಸ್ಟಿಕ್ಕರ್, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮೇಲಿನದ್ದನ್ನು ಕಿತ್ತು ಅಡಿಯ ರೇಟಿಗೆ ವಾಪಸ್ ಹೋದದ್ದು ಒಮ್ಮೆಯೂ ಇಲ್ಲ.

ಬಾಣಲೆಯಿಂದ ಶುರು ಮಾಡುವ. ಮೈದಾ, ಹುಳಿ ಮೊಸರು ನಮ್ಮದೇ. ಎಣ್ಣೆ? ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದ್ದು. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬರ್ತದೆ, ನಮ್ಮ ಮಂಗಳೂರಿನ ಪಣಂಬೂರು ಬಂದರಿಗೂ. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ರಫ್ತು ನಿಲ್ಲಿಸಿತು, ಅಲ್ಲಿಯವರಿಗೇ ಎಣ್ಣೆ ದುಬಾರಿಯಾಗಿತ್ತು. ಒಂದು ತಿಂಗಳೊಳಗೆ ನಿಷೇಧ ತೆಗೆದರು. ಅಷ್ಟರಲ್ಲಿ ಇಲ್ಲಿ ಸ್ಟಿಕ್ಕರ್ ಅಂಟಿಯಾಗಿತ್ತು.

ಮತ್ತೆ ತೆರಿಗೆ. 2024ರ ಚೌತಿ ಕಳೆದು ವಾರಕ್ಕೆ ಕೇಂದ್ರ ಸರಕಾರ ಕಚ್ಚಾ ತಾಳೆ ಎಣ್ಣೆಯ ಆಮದು ಸುಂಕವನ್ನು, ಸೆಸ್ಸೂ ಸೇರಿ, ಶೇ. 5.5ರಿಂದ 27.5ಕ್ಕೆ ಏರಿಸಿತು. ನೂರು ರೂಪಾಯಿಯ ಎಣ್ಣೆಗೆ ಬಂದರಿನಲ್ಲೇ 22 ರೂಪಾಯಿ ಹೆಚ್ಚು! ಸುಮ್ಮನೆ ಏರಿಸಿದ್ದಲ್ಲ, ಹೊರಗಿನ ಅಗ್ಗದ ಎಣ್ಣೆಯ ಎದುರು ಇಲ್ಲಿ ಸೋಯಾಬೀನ್ ಬೆಳೆದವರಿಗೆ ಬೆಂಬಲ ಬೆಲೆಯೂ ದಕ್ಕುತ್ತಿರಲಿಲ್ಲ. 2025ರ ಮೇ ಕೊನೆಗೆ ಸುಂಕ 16.5ಕ್ಕೆ ಇಳಿಯಿತು.

ಇನ್ನೊಂದು ಸೂಕ್ಷ್ಮ ಉಂಟು, ಬಿಲ್ಲಿನಲ್ಲಿ ಕಾಣುವುದಿಲ್ಲ. ಎಣ್ಣೆಗೆ ಕೊಟ್ಟ ಶೇ. 5 ಜಿಎಸ್‌ಟಿಯನ್ನು ಎಣ್ಣೆ ಅಂಗಡಿಯವರು ತಾವು ಸರಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ಶೇ. 5 ಜಿಎಸ್‌ಟಿ ಹಾಕುವ ಹೋಟೆಲಿಗೆ ಆ ಸೌಲಭ್ಯ ಇಲ್ಲ. ಅದು ಖರ್ಚಿಗೇ ಸೇರ್ತದೆ, ಅದರ ಮೇಲೆ ನಿಮ್ಮ ಬಿಲ್ಲಿಗೆ ಪುನಃ ಶೇ. 5. ತೆರಿಗೆಯ ಮೇಲೆ ತೆರಿಗೆ ಮಾರಾಯ್ರೆ.

[ದೃಶ್ಯ: ಉಡುಪಿ ಎಕ್ಸ್‌ಪ್ರೆಸ್ ಬಸ್ಸು]

"ಹಣದುಬ್ಬರ ಇಳಿಯಿತು" ಅಂತ ಟಿವಿಯಲ್ಲಿ ಬರ್ತದಲ್ಲ? 2022ರ ಏಪ್ರಿಲಿನಲ್ಲಿ ಶೇ. 7.79 ಇದ್ದದ್ದು 2025ರ ಅಕ್ಟೋಬರಿನಲ್ಲಿ 0.25. ಹಾಗಾದರೆ ರೇಟು ಇಳಿಯಬೇಕಲ್ಲ! ಇಲ್ಲ. ಮಂಗಳೂರಿನಿಂದ ಹೊರಟ ಎಕ್ಸ್‌ಪ್ರೆಸ್ ಮುಲ್ಕಿಯಲ್ಲಿ ಬ್ರೇಕ್ ಹಾಕಿದರೆ ಹಿಂದೆ ಮಂಗಳೂರಿಗೆ ಹೋಗ್ತದಾ? ನಿಧಾನ ಆಗ್ತದೆ, ಅಷ್ಟೇ. ಹಣದುಬ್ಬರ ಅಂದರೆ ಬೆಲೆಯ ಸ್ಪೀಡು. ಬೆಲೆ ಮುಲ್ಕಿಯಲ್ಲೇ ಉಂಟು.

[ದೃಶ್ಯ: ಬಜೆ, ಕಾಯಿ ಚಟ್ನಿ]

"ಎಣ್ಣೆಯ ಸುಂಕ ಇಳಿಯಿತಲ್ಲ ಭಟ್ರೆ?" ಅಂತ ಹೋಟೆಲಿನ ಯಜಮಾನರಲ್ಲಿ ಕೇಳಿಯೇ ಬಿಟ್ಟೆ. "ಹೌದು. ಬಜೆ ಬಿಡುವವನ ಸಂಬಳ ಇಳಿಸ್ಲಿಕ್ಕೆ ಆಗ್ತದಾ?" ಅಂದರು. ನ್ಯಾಯದ ಮಾತೇ. ಆದರೆ ಎಣ್ಣೆ ಏರಿದ ವರ್ಷ ಪ್ಲೇಟಿಗೆ ಆರಿದ್ದ ಬಜೆ ಐದಾಗಿತ್ತು. ಇವತ್ತು ಪುನಃ ಎಣಿಸಿದೆ.

ಐದೇ.