ನೇರಳೆ ಆಕ್ಸಾಲಿಸ್: ಕುಂಡ ಖಾಲಿ ಕಂಡ್ರೆ ಕಸಕ್ಕೆ ಸುರೀಬೇಡಿ

ಸರಿ, ಕ್ಯಾಮೆರಾ ಓಡ್ತಿದೆ. ಎಡಗಡೆ ಕುಂಡದಲ್ಲಿರೋದು ನೇರಳೆ ಆಕ್ಸಾಲಿಸ್. ಬಲಗಡೆ ಇರೋದೂ ನೇರಳೆ ಆಕ್ಸಾಲಿಸೇ. ಅಲ್ಲಿ ಬರೀ ಮಣ್ಣಿದೆಯಲ್ಲ ಅಂತೀರಿ. ಹೌದು, ಗೆಡ್ಡೆ ಒಳಗೆ ಮಲಗಿದೆ. ಈ ಗಿಡ ನಿಜವಾಗಿ ಸಾಯೋದು ಕಮ್ಮಿ, ಸತ್ತೋಯ್ತು ಅಂದ್ಕೊಂಡು ಜನ ಕಸಕ್ಕೆ ಸುರಿಯೋದೇ ಜಾಸ್ತಿ. ಅದಕ್ಕೇ ಇವತ್ತು ಚೆಂದದ ಕುಂಡಕ್ಕಿಂತ ಖಾಲಿ ಕುಂಡದ ಮೇಲೇ ಕ್ಯಾಮೆರಾ ಹೆಚ್ಚು ನಿಲ್ಲುತ್ತೆ. ಬೇಜಾರಾದ್ರೆ ಎಡಗಡೆ ನೋಡ್ತಾ ಇರಿ.

ಪೂರ್ತಿ ಹೆಸರು ಆಕ್ಸಾಲಿಸ್ ಟ್ರಯಾಂಗ್ಯುಲಾರಿಸ್. ಮೂಲ ಬ್ರೆಜಿಲ್ ಮತ್ತೆ ಅದರ ಅಕ್ಕಪಕ್ಕದ ದೇಶಗಳು. ಒಂದು ಕಡ್ಡಿಗೆ ಮೂರು ತ್ರಿಕೋನದ ಎಲೆ, ನಡುವೆ ತಿಳಿ ಬಣ್ಣದ ಮಚ್ಚೆ. ನರ್ಸರಿಯಲ್ಲಿ ಬಟರ್‌ಫ್ಲೈ ಪ್ಲಾಂಟ್ ಅಂತ ಕೇಳ್ಬೇಡಿ, ಆ ಹೆಸರಲ್ಲಿ ಬೇರೆ ಗಿಡಾನೂ ಇದೆ, ಅದನ್ನ ಕೈಗೆ ಕೊಟ್ಟು ಕಳಿಸ್ತಾರೆ. ಫೋಟೋ ತೋರಿಸಿ ಕೇಳಿ.

ಈಗ ಗೆಡ್ಡೆ. ಬೆರಳಲ್ಲಿ ಒಂದು ಇಂಚು ಮಣ್ಣು ಸರಿಸಿದ್ರೆ ಸಾಕು. ಕಾಣ್ತಿದೆಯಾ? ಈರುಳ್ಳಿ ಥರ ಉರುಟಾಗಿಲ್ಲ. ಕಿರುಬೆರಳಿಗಿಂತ ಸಣ್ಣದು, ಮೈತುಂಬ ಗುಲಾಬಿ-ಕಂದು ಹುರುಪೆ, ಒಂದರ ಮೇಲೊಂದು ಅಂಟಿಕೊಂಡಿದೆ. ಮೊದಲ ಸಲ ನೋಡಿದೋರು ಕಂಬಳಿಹುಳ ಅಂತ ಬೆಚ್ಚಿಬೀಳ್ತಾರೆ. ಅದರ ಕೆಳಗೆ ಎಳೆ ಮೂಲಂಗಿ ಥರ ಬೆಳ್ಳಗೆ, ಬೆಳಕಿಗೆ ಹಿಡಿದ್ರೆ ಆಚೆ ಬದಿ ಕಾಣೋ ಹಾಗೆ ಒಂದು ದಪ್ಪ ಬೇರು ಇದೆಯಲ್ಲ, ಅದು ನೀರಿನ ದಾಸ್ತಾನು. ಎರಡು ದಿನ ನೀರು ಹಾಕೋದು ಮರೆತ್ರೂ ಗಿಡ ಸುಮ್ನಿರೋದು ಇದರಿಂದ. ಅತಿ ನೀರು ಹಾಕಿದ್ರೆ ಮೊದಲು ಕೊಳೆಯೋದೂ ಇದೇ.

ಬನ್ನಿ, ಕೊಳೆತಿದ್ದನ್ನೂ ತೋರಿಸ್ತೀನಿ. ಇದು ಮೂರನೇ ಕುಂಡ, ಬೋರಲು ಹಾಕಿದ್ದೀನಿ. ವಾಸನೆ ಕ್ಯಾಮೆರಾಗೆ ಬರಲ್ಲ, ನಿಮ್ಮ ಪುಣ್ಯ. ಗೆಡ್ಡೆ ಒತ್ತಿದ್ರೆ ಬೇಯಿಸಿದ ಕೆಸುವಿನ ಗೆಡ್ಡೆ ಥರ ಪಿಚಕ್ ಅಂತಿದೆ, ಬಣ್ಣ ಚಹಾ ಸೊಪ್ಪಿನದ್ದು. ಏನಾಗಿದೆ ಅಂದ್ರೆ, ಬಿಸಿಲು ಕಾಲದಲ್ಲಿ ಎಲೆಗಳೆಲ್ಲ ಬಾಗಿ, ಕಂದಾಗಿ, ಒಂದೊಂದಾಗಿ ಉದುರಿದ್ವು. ಅದು ರೋಗ ಅಲ್ಲ, ಗಿಡ ಮಲಗೋಕೆ ಹೊರಟಿತ್ತು. ಎಲೆ ಬಾಡ್ತಿದೆ ಅಂತ ನೀರು ಜಾಸ್ತಿ ಹಾಕಿದ್ದೇ ತಪ್ಪು. ಎಲೆ ಇದ್ದಾಗ ಅದರ ಮೂಲಕ ನೀರು ಆವಿಯಾಗಿ ಹೋಗ್ತಾ ಇರುತ್ತೆ. ಎಲೇನೇ ಇಲ್ಲ ಅಂದ್ರೆ ಗೆಡ್ಡೆಗೆ ನೀರು ಬೇಕಾಗಿಯೇ ಇಲ್ಲ. ಹಾಕಿದ ನೀರೆಲ್ಲ ಮಣ್ಣಲ್ಲೇ ನಿಲ್ಲುತ್ತೆ, ಮಣ್ಣಿನ ಸಂದಲ್ಲಿದ್ದ ಗಾಳಿ ಹೊರಗೆ ಹೋಗುತ್ತೆ, ಉಸಿರಾಡೋಕೆ ಗಾಳಿ ಇಲ್ಲದ ಗೆಡ್ಡೆ ಶಿಲೀಂಧ್ರಕ್ಕೆ ಊಟ. ಅದರ ಮೇಲೆ ಕುಂಡ ಯಾವುದು? ಸೆರಾಮಿಕ್, ತಳದಲ್ಲಿ ತೂತಿಲ್ಲ. ಹೂಜಿಯಲ್ಲಿ ಗಿಡ ನೆಟ್ಟ ಹಾಗೆ! ತೂತಿಲ್ಲದ ಕುಂಡ ಮಾರೋದನ್ನೇ ನಿಲ್ಲಿಸ್ಬೇಕು, ಗಿಡಕ್ಕೆ ಅಂತ ಮಾಡಿ ತೂತು ಕೊರೆಯೋಕೆ ಏನು ಕಷ್ಟ ಅವರಿಗೆ? ತಳಕ್ಕೆ ಬೆಣಚುಕಲ್ಲು ಹಾಕಿದ್ರೆ ಸರಿಹೋಗುತ್ತೆ ಅಂತಾರೆ. ಹೋಗಲ್ಲ. ನೀರು ಕಲ್ಲಿನ ನಡುವೆ ನಿಲ್ಲುತ್ತೆ, ಒದ್ದೆ ಮಣ್ಣಿನ ಮಟ್ಟ ಇನ್ನಷ್ಟು ಮೇಲೆ ಬಂದು ಗೆಡ್ಡೆಗೆ ತಾಗುತ್ತೆ, ಅಷ್ಟೇ ಬಂದ ಭಾಗ್ಯ.

ಇದರಲ್ಲಿ ಉಳಿಯೋದು ಏನಾದ್ರೂ ಇದೆಯಾ ನೋಡೋಣ. ಒತ್ತಿ ನೋಡೋದೇ ಪರೀಕ್ಷೆ. ಇದು ಮೆತ್ತಗೆ, ಎಸೀರಿ. ಇದು ಮೆತ್ತಗೆ. ಇದೂ ಅಷ್ಟೇ. ಹಾಂ, ಇದರ ಅರ್ಧ ಗಟ್ಟಿ ಇದೆ. ಕೊಳೆತ ಅರ್ಧ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಇದ್ದಿಲ ಪುಡಿ ಸವರಿ, ನೆರಳಲ್ಲಿ ಕಾಗದದ ಮೇಲೆ ಎರಡು ದಿನ ಒಣಗಿಸಿ. ಆಮೇಲೆ ಹೊಸ ಮಣ್ಣು. ಹಳೇ ಮಣ್ಣನ್ನ ಮತ್ತೆ ಬಳಸ್ಬೇಡಿ, ಕುಂಡಾನ ಸೋಪು ಹಾಕಿ ತೊಳೀರಿ. ಗಟ್ಟಿ ಇದ್ದ ಚೂರು ಒಂದು ಇಂಚಿದ್ರೂ ಚಿಗುರುತ್ತೆ. ಎಂಟರಲ್ಲಿ ಒಂದು ಉಳೀತು. ಪರವಾಗಿಲ್ಲ, ಒಂದು ಸಾಕು, ವರ್ಷದಲ್ಲಿ ಮತ್ತೆ ಕುಂಡ ತುಂಬುತ್ತೆ.

ಹಾಗಾದ್ರೆ ಮಲಗಿದಾಗ ಏನ್ ಮಾಡ್ಬೇಕು? ಏನೂ ಮಾಡ್ಬಾರ್ದು. 27-28 ಡಿಗ್ರಿ ದಾಟಿದ ಬಿಸಿ ದಿನಗಟ್ಟಲೆ ನಿಂತ್ರೆ ಇದಕ್ಕೆ ಸಾಕಾಗಿಬಿಡುತ್ತೆ. ಬೆಂಗಳೂರಲ್ಲಿ ಮಾರ್ಚ್, ಏಪ್ರಿಲ್‌ಗೆ ಎಲೆ ಇಳಿಸೋಕೆ ಶುರು ಮಾಡುತ್ತೆ. ನೀರು ಮೊದಲು ಅರ್ಧ ಮಾಡಿ, ಎಲೆ ಪೂರ್ತಿ ಹೋದ್ಮೇಲೆ ನಿಲ್ಲಿಸಿ. ಒಣಗಿದ ಕಡ್ಡಿ ಎಳೆದ್ರೆ ಬರುತ್ತೆ, ಬರದಿದ್ರೆ ಕತ್ತರಿ ಹಾಕಿ. ಕುಂಡ ಮಂಚದ ಕೆಳಗಾದ್ರೂ ಇಡಿ, ಮೆಟ್ಟಿಲ ಕೆಳಗಾದ್ರೂ ಇಡಿ, ತಂಪಾಗಿ ನೆರಳಿದ್ರೆ ಆಯ್ತು. ಒಂದು ತಿಂಗಳಿಂದ ಎರಡು ತಿಂಗಳು. ಕುಂಡದ ಮೇಲೆ ಹೆಸರು, ತಾರೀಖು ಬರೆದು ಅಂಟಿಸಿ, ಇಲ್ಲಾಂದ್ರೆ ಮನೇಲಿ ಯಾರೋ ಬರೀ ಮಣ್ಣು ಅಂತ ಅದರಲ್ಲಿ ಕೊತ್ತಂಬರಿ ಬಿತ್ತಿರ್ತಾರೆ. ಮೇ ಕೊನೆಗೆ ಮಳೆ ಬಿದ್ದು ತಂಪಾದಾಗ ಬೆಳಕಿಗೆ ತಂದು ಒಂದು ಸಲ ಚೆನ್ನಾಗಿ ನೀರು ಕೊಡಿ. ಎರಡ್ಮೂರು ವಾರಕ್ಕೆ ಮಡಚಿದ ಕೊಡೆ ಥರ ಎಲೆ ಏಳುತ್ತೆ. ಮಡಿಕೇರಿ, ಚಿಕ್ಕಮಗಳೂರಿನ ತಂಪಿಗೆ ಹೇಳಿ ಮಾಡಿಸಿದ ಗಿಡ ಇದು. ರಾಯಚೂರು, ಕಲಬುರಗಿಯವರು ಬೇಸಿಗೆಯಲ್ಲಿ ಇದನ್ನ ಎಬ್ಬಿಸಿಟ್ಟುಕೊಳ್ಳೋಕೆ ಹೋಗ್ಲೇಬೇಡಿ, ಮಲಗಿಸಿಬಿಡಿ.

ನೆಡೋದನ್ನ ಸ್ಪೀಡಾಗಿ ಓಡಿಸ್ತಿದ್ದೀನಿ, ನೋಡ್ಕೊಳ್ಳಿ. 6 ಇಂಚಿನ ಕುಂಡ, 6 ಗೆಡ್ಡೆ, ಒಂದರಿಂದ ಒಂದೂವರೆ ಇಂಚು ಆಳ, ಅಡ್ಡಡ್ಡ ಮಲಗಿಸಿ. ಮೇಲೆ ಯಾವುದು ಕೆಳಗೆ ಯಾವುದು ಅಂತ ತಲೆ ಕೆಡಿಸ್ಕೋಬೇಡಿ, ಅಡ್ಡ ಇಟ್ರೆ ಅದೇ ದಾರಿ ಹುಡುಕಿಕೊಳ್ಳುತ್ತೆ. ಮಣ್ಣು: ಕೆಂಪು ಮಣ್ಣು ಎರಡು ಪಾಲು, ಕೊಕೊಪೀಟ್ ಅಂದ್ರೆ ತೆಂಗಿನ ನಾರಿನ ಪುಡಿ ಒಂದು, ಎರೆಗೊಬ್ಬರ ಒಂದು, ದಪ್ಪ ಮರಳು ಒಂದು. ಮರಳಿಲ್ಲ ಅಂದ್ರೆ ಪರ್ಲೈಟ್, ಅದೇ ಹಗುರವಾದ ಬಿಳಿ ಹರಳು. ಇಟ್ಟಿಗೆ ಪುಡಿ ಇದ್ರೆ ಜರಡಿ ಹಿಡಿದು ನುಣ್ಣನೆ ಪುಡಿ ಬಿಟ್ಟು ಕಾಳಷ್ಟು ದಪ್ಪ ಇರೋದು ಹಾಕಿ. ಬರೀ ಕೊಕೊಪೀಟಲ್ಲಿ ನೆಡೋರಿದ್ದಾರೆ. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಸ್ಪಂಜಿನ ಥರ ಒದ್ದೆ, ಮತ್ತೆ ನಾವು ಆ ಮೂರನೇ ಕುಂಡಕ್ಕೇ ವಾಪಸ್.

ಗೆಡ್ಡೆ ಎಲ್ಲಿ ಸಿಗುತ್ತೆ ಅಂದ್ರೆ, ಈ ಪ್ಯಾಕೆಟ್ ನೋಡಿ. ಆನ್‌ಲೈನ್‌ದು, 10 ಗೆಡ್ಡೆಗೆ 250 ರೂಪಾಯಿ. ತೆಗೆದ್ರೆ ನಾಲ್ಕು ಒಣಗಿ ಬತ್ತಿ ಆಗಿವೆ. ಇನ್ನೂ ಮಜಾ ಅಂದ್ರೆ ಬೀಜ ಅಂತ ಮಾರೋರು. ಈ ಗಿಡದ ಹೂಗಳಲ್ಲಿ ಬೇರೆ ಬೇರೆ ಬಗೆ ಇವೆ, ಒಂದೇ ಬಗೆಯ ಗಿಡಗಳ ನಡುವೆ ಬೀಜ ಕಟ್ಟೋದು ಅಪರೂಪ. ಕುಂಡದಲ್ಲಿ ಬೆಳೆಸೋದೆಲ್ಲ ಗೆಡ್ಡೆಯಿಂದ ಗೆಡ್ಡೆಗೆ ಬಂದಿದ್ದು. ಹಾಗಿದ್ಮೇಲೆ ಆ ನೂರು ಬೀಜದ ಪೊಟ್ಟಣದಲ್ಲಿ ಏನಿರುತ್ತೆ ಅಂತ ನೀವೇ ಲೆಕ್ಕ ಹಾಕಿ. ನೀಲಿ ಎಲೆ, ಕಾಮನಬಿಲ್ಲಿನ ಎಲೆ ಅಂತೆಲ್ಲ ಫೋಟೋ ಇರುತ್ತೆ, ಅವು ಕಂಪ್ಯೂಟರಲ್ಲಿ ಬಣ್ಣ ಬಳಿದವು. ಗೆಡ್ಡೆಗೆ ದುಡ್ಡೇ ಕೊಡ್ಬೇಡಿ ಅಂತೀನಿ ನಾನು. ಈ ಗಿಡ ಇರೋ ಮನೆಯಲ್ಲಿ ಕೇಳಿದ್ರೆ ಒಂದು ಹಿಡಿ ಕೊಡ್ತಾರೆ, ಮಣ್ಣು ಬದಲಿಸೋವಾಗ ಅವರಿಗೂ ಹೆಚ್ಚಾಗಿರುತ್ತೆ. ಆದ್ರೆ... ನಾಲ್ಕೆಲೆಯದ್ದು ಬೇಕು ಅಂದ್ರೆ, ಆಕ್ಸಾಲಿಸ್ ಟೆಟ್ರಾಫಿಲ್ಲಾ ಅಂತ, ಮೆಕ್ಸಿಕೋದ್ದು, ಹಸಿರು ಎಲೆ ನಡುವೆ ನೇರಳೆ ಗುರುತು, ಅದು ಪಕ್ಕದ ಮನೇಲೆಲ್ಲ ಸಿಗಲ್ಲ. ಅದಕ್ಕೆ ಆನ್‌ಲೈನೇ ಗತಿ. ಸರಿ ಬಿಡಿ, ತರಿಸ್ಕೊಳ್ಳಿ, ಬಂದ ತಕ್ಷಣ ಒತ್ತಿ ನೋಡಿ, ವಿಡಿಯೋ ಮಾಡಿಟ್ಕೊಂಡು ತೆಗೀರಿ.

ಅಯ್ಯೋ, ಶಾಟ್ ಮುಂದೆ ಹೋಯ್ತು. ಬೆಳಕು. ಪೂರ್ವದ ಕಿಟಕಿ, ಬೆಳಗಿನ ಬಿಸಿಲು ಎರಡ್ಮೂರು ಗಂಟೆ, ಅದಕ್ಕಿಂತ ಬೇಡ. ಮಧ್ಯಾಹ್ನದ ಬಿಸಿಲು ಬಿದ್ರೆ ಅಂಚು ಸುಟ್ಟು ಕಾಗದ ಆಗುತ್ತೆ. ಬೆಳಕು ಸಾಲದಿದ್ರೆ ಕಡ್ಡಿ ಒಂದಡಿ ಉದ್ದ ಎಳೆದು ಕುಂಡದ ಹೊರಗೆ ಜೋತು ಬೀಳುತ್ತೆ, ನೇರಳೆ ಹೋಗಿ ಹಸಿರು ಮಿಶ್ರ ಬಣ್ಣ ಬರುತ್ತೆ. ಹಾಗಾದಾಗ ಜನ ಗೊಬ್ಬರ ಹಾಕ್ತಾರೆ. ಗೊಬ್ಬರ ಅಲ್ಲ, ಕುಂಡ ಎರಡಡಿ ಕಿಟಕಿ ಕಡೆ ಸರಿಸಿ. ವಾರಕ್ಕೊಮ್ಮೆ ಕುಂಡ ಕಾಲು ಸುತ್ತು ತಿರುಗಿಸಿ, ಇಲ್ಲಾಂದ್ರೆ ಎಲ್ಲ ಎಲೆ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತೆ.

ಇನ್ನು ನೀರು. ಬೆರಳು ಒಂದು ಇಂಚು ಇಳಿಸಿ, ಒಣಗಿದ್ರೆ ಮಾತ್ರ ಹಾಕಿ, ತಳದಿಂದ ಬರೋವರೆಗೆ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಸೆರಾಮಿಕ್ ಕುಂಡ ಚೆಂದ ಅನ್ನಿಸಿದ್ರೆ ಇಟ್ಕೊಳ್ಳಿ, ಒಳಗೆ ತೂತಿರೋ ಪ್ಲಾಸ್ಟಿಕ್ ಕುಂಡ ಇಟ್ಟು, ನೀರು ಹಾಕೋವಾಗ ಹೊರಗೆ ತೆಗೆದು ಹಾಕಿ. ಸ್ವಲ್ಪ ಮುಂಚೆ ಬೈದಿದ್ದು ವಾಪಸ್ ತಗೋತೀನಿ, ಅರ್ಧ ಮಾತ್ರ. ಗೊಬ್ಬರ ಎಲೆ ಇದ್ದಾಗ ತಿಂಗಳಿಗೊಮ್ಮೆ, 19:19:19 ಅಂತ ಬರೆದಿರೋ, ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರೋ ಪುಡಿ, ಲೀಟರ್ ನೀರಿಗೆ ಒಂದು ಗ್ರಾಂ. ಮಲಗಿದಾಗ ಚಿಟಿಕೆಯೂ ಬೇಡ.

ಇದು ಟೈಮ್‌ಲ್ಯಾಪ್ಸ್. ಸಂಜೆ ಆಗ್ತಿದ್ದ ಹಾಗೆ ಎಲೆ ಮೂರೂ ಕೆಳಗೆ ಮಡಚಿಕೊಳ್ತಿವೆ ನೋಡಿ. ಬಾಡಿಲ್ಲ, ನೀರು ತರೋಕೆ ಓಡ್ಬೇಡಿ. ಮೂರು ಎಲೆ ಸೇರೋ ಜಾಗದಲ್ಲಿ ಪುಟ್ಟ ಗಂಟು ಇದೆ, ಅದರ ಒಂದು ಬದಿಯ ಕೋಶಗಳಿಂದ ನೀರು ಇಳಿದ್ರೆ ಎಲೆ ಕೂಡ ಇಳಿಯುತ್ತೆ. ಬೆಳಗ್ಗೆ ಮತ್ತೆ ತುಂಬಿ ಎದ್ದೇಳುತ್ತೆ. ಹಗಲಲ್ಲೇ ಮಡಚಿದ್ರೆ ಮಾತ್ರ ಯೋಚನೆ ಮಾಡಿ: ಒಂದೋ ಬಿಸಿಲು ಜಾಸ್ತಿ, ಇಲ್ಲ ಬೇರಿಗೆ ಪೆಟ್ಟಾಗಿದೆ.

ರೋಗ, ಹುಳ. ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಕೆಳಗೆ ಸಣ್ಣ ಬಲೆ ಕಂಡ್ರೆ ಕೆಂಪು ನುಸಿ, ಒಣ ಬಿಸಿಲಲ್ಲಿ ಬರುತ್ತೆ. ಎಲೆ ಕೆಳಗೆ ಕಿತ್ತಳೆ ಪುಡಿ ಕಂಡ್ರೆ ತುಕ್ಕು ರೋಗ. ಎರಡಕ್ಕೂ ಇದಕ್ಕಿರೋ ಮದ್ದು ಬೇರೆ ಗಿಡಕ್ಕಿಲ್ಲ: ಎಲ್ಲ ಎಲೆ ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಚೀಲಕ್ಕೆ ಹಾಕಿ ಬಿಸಾಕಿ, ಗೊಬ್ಬರದ ಗುಂಡಿಗೆ ಬೇಡ. ಗೆಡ್ಡೆ ಗಟ್ಟಿ ಇದ್ರೆ ಮೂರು ನಾಲ್ಕು ವಾರಕ್ಕೆ ಹೊಸ ಎಲೆ ತುಂಬಿಕೊಳ್ಳುತ್ತೆ. ಕತ್ತರಿಸೋಕೆ ಮನಸ್ಸಿಲ್ಲದೆ ಬೇವಿನೆಣ್ಣೆ ಹೊಡೆದು ಬಿಸಿಲಲ್ಲಿಟ್ರೆ ನುಸಿಗಿಂತ ಮೊದಲು ಎಲೆ ಸುಟ್ಟುಹೋಗುತ್ತೆ. ಹೊಡೀಲೇಬೇಕಂದ್ರೆ ಲೀಟರಿಗೆ 5 ಎಂಎಲ್, ಎರಡು ಹನಿ ಸೋಪು ದ್ರಾವಣ, ಕತ್ತಲಾದ್ಮೇಲೆ.

ಕುಂಡದ ಅಂಚಲ್ಲಿ ಹಳದಿ ಹೂವು ಕಾಣ್ತಿದೆಯಲ್ಲ, ಅದು ನಾವು ನೆಟ್ಟಿದ್ದಲ್ಲ. ಹುಳಿಸೊಪ್ಪು, ಪುಲ್ಲಂಪುರಚಿ ಅಂತಾನೂ ಅಂತಾರೆ, ಆಯುರ್ವೇದದಲ್ಲಿ ಚಾಂಗೇರಿ. ಇದೂ ಆಕ್ಸಾಲಿಸೇ. ಬಲಿತ ಕಾಯಿ ಮುಟ್ಟಿ ನೋಡಿ, ಟಪ್ ಅಂತ ಬೀಜ ಮುಖಕ್ಕೆ ಹಾರುತ್ತೆ. ಅದಕ್ಕೇ ಒಂದು ಕುಂಡದಲ್ಲಿ ಬಿಟ್ರೆ ಹತ್ತು ಕುಂಡಕ್ಕೆ ಹೋಗುತ್ತೆ. ಕೀಳೋದಾದ್ರೆ ಕಾಯಿ ಕಟ್ಟೋ ಮುಂಚೆ ಕೀಳಿ. ಪೂರ್ತಿ ಕೀಳ್ಬೇಡಿ ಅನ್ನೋದೂ ನಿಜ, ಕಾಲ ಬಳಿ ಹಾರಾಡೋ ಒಂದು ಪುಟ್ಟ ನೀಲಿ ಚಿಟ್ಟೆಯ ಮರಿಹುಳು ಇದರ ಎಲೇನೇ ತಿಂದು ಬೆಳೆಯೋದು. ಒಂದು ಕುಂಡ ಅದಕ್ಕೆ ಬಿಟ್ಟುಬಿಡಿ. ಹಿಡಿ ಸೊಪ್ಪು ಕಿತ್ತು ಕಪ್ಪಾದ ತಾಮ್ರದ ಚೊಂಬಿಗೆ ಉಜ್ಜಿ, ಇಲ್ಲಿ, ನೋಡಿ, ಹುಣಸೆಹಣ್ಣಿಗಿಂತ ಏನೂ ಕಮ್ಮಿ ಇಲ್ಲ. ಅದರಲ್ಲಿರೋ ಆಕ್ಸಾಲಿಕ್ ಆಮ್ಲದ ಕೆಲಸ ಅದು. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದ್ರೆ ತಂಬುಳಿ. ಮೂತ್ರಪಿಂಡದಲ್ಲಿ ಕಲ್ಲಿರೋರು ಮಾತ್ರ ದೂರ ಇರಿ. ನೇರಳೆದು ಕೂಡ ಹುಳಿಯೇ, ಬೆಕ್ಕು ನಾಯಿ ಕುಂಡ ಪೂರ್ತಿ ಮೇಯದ ಹಾಗೆ ಎತ್ತರದಲ್ಲಿಡಿ.

ನಿಜವಾಗಿ ಕಾಟ ಕೊಡೋದು ಗುಲಾಬಿ ಹೂವಿನ ಹಸಿರು ಆಕ್ಸಾಲಿಸ್. ಬೆಂಗಳೂರಿನ ತೋಟಗಳಲ್ಲಿ ಹುಲ್ಲಿನ ನಡುವೆ ಇರುತ್ತಲ್ಲ, ಅದೇ. ಚೆಂದ ಇದೆ ಅಂತ ಕಿತ್ತು ತಂದು ನೆಲದಲ್ಲಿ ಮಾತ್ರ ನೆಡ್ಬೇಡಿ. ತಾಯಿ ಗೆಡ್ಡೆ ಸುತ್ತ ಸಾಸಿವೆ, ಕಡಲೆ ಗಾತ್ರದ ಮರಿಗಳು ಅಂಟಿರ್ತವೆ, ಗಿಡ ಹಿಡಿದು ಎಳೆದ್ರೆ ಎಲ್ಲ ಉದುರಿ ಮಣ್ಣಲ್ಲೇ ಉಳಿಯುತ್ತೆ. ಒಂದು ಕಿತ್ರೆ ಇಪ್ಪತ್ತು. ಕಳೆಗುದ್ದಲಿ ಆಡಿಸಿದ್ರಂತೂ ನೀವೇ ಬಿತ್ತನೆ ಮಾಡಿದ ಹಾಗೆ. ಸುತ್ತಲ ಮಣ್ಣು ಸಮೇತ ಗೆಬರಿ ತೆಗೆದು ಜರಡಿ ಹಿಡೀಬೇಕು, ಬೇರೆ ದಾರಿ ಇಲ್ಲ. ನೇರಳೆದು ಈ ಮಟ್ಟಿಗೆ ಹರಡಲ್ಲ, ಆದ್ರೂ ಅದನ್ನ ಕುಂಡದಲ್ಲೇ ಇಡಿ.

ಹೂವು ತೋರಿಸೋದೇ ಮರೆತೆ. ತಿಳಿ ಗುಲಾಬಿ, ಐದು ಎಸಳು, ಎಲೆ ಮುಂದೆ ಸಪ್ಪೆ ಅಂತ ಅಂದ್ಕೊಂಡಿದ್ದೆ, ಈ ಬೆಳಕಲ್ಲಿ ಪರವಾಗಿಲ್ಲ. ಬಾಡಿದ ಹೂವಿನ ಕಡ್ಡಿ ಬುಡದಿಂದ ಎಳೆದು ತೆಗೀರಿ, ಬಿಟ್ರೆ ಅಲ್ಲೇ ಅಂಟಾಗಿ ಎಲೆಗೆ ಮೆತ್ತಿಕೊಳ್ಳುತ್ತೆ. ಬ್ಯಾಟರಿ ಕೆಂಪು ತೋರಿಸ್ತಿದೆ. ಆ ಉಳಿದ ಅರ್ಧ ಗೆಡ್ಡೆ ಕಾಗದದ ಮೇಲೆ ಒಣಗ್ತಾ ಇದೆ, ನಾಡಿದ್ದು ಈ 4 ಇಂಚಿನ ಕುಂಡಕ್ಕೆ ಹೋಗುತ್ತೆ, ತೂತಿರೋ ಕುಂಡಕ್ಕೆ.