ಪಿರಾನಾ ಸಾಕುವ ಆಸೆ ಇದ್ದವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಅಕ್ವೇರಿಯಂ ಬಗ್ಗೆ ಮಾತಾಡಿ ಅಂದಾಗ ಗಪ್ಪಿ, ಗೋಲ್ಡ್‌ಫಿಶ್ ಅಂತ ಶುರು ಮಾಡಬಹುದಿತ್ತು. ಆದರೆ ಈಗಿನ ಹುಡುಗರು ಕೇಳುವುದು ಒಂದೇ: "ಸರ್, ಪಿರಾನಾ ಸಾಕಬಹುದಾ?" ನಾನು ಹೇಳುವುದೂ ಒಂದೇ. ಅಂಗಡಿಯಲ್ಲಿ ಕಾಣುವ ಮರಿ ನೋಡಿ ಕೊಳ್ಳಬೇಡಿ, ಬೆಳೆದಾಗ ಅದು ಎಷ್ಟಾಗುತ್ತದೆ ಅಂತ ತಿಳಿದು ಕೊಳ್ಳಿ. ಇವತ್ತು ಇದೊಂದು ನೆನಪಿಟ್ಟುಕೊಂಡರೂ ಸಾಕು.

ಪಿರಾನಾ ದಕ್ಷಿಣ ಅಮೆರಿಕದ ಮೀನು, ಅಮೆಜಾನ್ ಕಡೆಯದು. ಸಾಕುವವರು ಹೆಚ್ಚಾಗಿ ಇಡುವುದು ಕೆಂಪು ಹೊಟ್ಟೆಯ ಜಾತಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಬ್ರೆಜಿಲ್ ಸುತ್ತಿ ಬಂದು 1914ರಲ್ಲಿ ಇದರ ಬಗ್ಗೆ ಭಯಂಕರವಾಗಿ ಬರೆದರು, ಆಮೇಲೆ ಸಿನಿಮಾದವರು ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಾಕಿದರು. ನಿಜ ಹೇಳಬೇಕಂದರೆ ಇದು ಪುಕ್ಕಲು ಮೀನು. ಲೈಟ್ ಹಾಕಿದರೆ ಮೂಲೆ ಸೇರುತ್ತದೆ. ಗುಂಪಾಗಿ ಇರುವುದು ಬೇಟೆಗೆ ಅಂದುಕೊಂಡಿದ್ದೀರಿ ಅಲ್ವಾ? ಅಲ್ಲ, ಮೊಸಳೆಗೂ ನದಿಯ ಡಾಲ್ಫಿನ್‌ಗೂ ಹೆದರಿ ಗುಂಪು ಕಟ್ಟುತ್ತದೆ.

ಇನ್ನೊಂದು ವಿಷಯ. ನಮ್ಮಲ್ಲಿ ಪಿರಾನಾ ಅಂತ ಮಾರುವುದು ಎಷ್ಟೋ ಸಲ ಪಿರಾನಾ ಅಲ್ಲವೇ ಅಲ್ಲ. ಇದಕ್ಕೊಂದು ಕಥೆ ಹೇಳಲೇಬೇಕು.

ನಮ್ಮ ಬಡಾವಣೆಯಲ್ಲಿ ಒಬ್ಬರು ಮಗನ ಹುಟ್ಟುಹಬ್ಬಕ್ಕೆ ಎರಡು ಪಿರಾನಾ ತಂದಿದ್ದರು. ಮೀನು ಯಾಕೋ ಸಪ್ಪಗಿದೆ, ಬಂದು ನೋಡಿ ಅಂದರು. ಹೋದೆ. ಎರಡಡಿ ಟ್ಯಾಂಕ್, ಅದರ ಗಾಜಿಗೆ ಹುಡುಗ ಸ್ಕೆಚ್ ಪೆನ್ನಿನಲ್ಲಿ ತಲೆಬುರುಡೆ ಬರೆದು 'ಡೇಂಜರ್' ಅಂತ ಅಂಟಿಸಿದ್ದಾನೆ. ಒಳಗೆ ಗೇಣುದ್ದದ ಎರಡು ಮೀನು. ತಿರುಗಲೂ ಜಾಗ ಇಲ್ಲ, ಮೂತಿ ಗಾಜಿಗೆ ಉಜ್ಜಿ ಉಜ್ಜಿ ತುಟಿಯ ಚರ್ಮ ಬೆಳ್ಳಗೆ ಸುಲಿದಿದೆ. "ಸರ್, ಕೈ ಹಾಕಬೇಡಿ" ಅಂತ ಅಪ್ಪನ ಎಚ್ಚರಿಕೆ ಬೇರೆ. ಅಡುಗೆಮನೆಯಲ್ಲಿ ಅಜ್ಜಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದರು. ಒಂದು ಬಿಲ್ಲೆ ಇಸಿದುಕೊಂಡು ನೀರಿಗೆ ಹಾಕಿದೆ. ಎರಡೂ ಮೇಲೆ ಬಂದು ಕಚ್ಚಾಡಿ ತಿಂದವು. ಬಾಯಿ ತೆರೆದಾಗ ಹಲ್ಲು ಕಂಡಿತು, ಚೌಕ ಚೌಕ, ಥೇಟ್ ನಮ್ಮ ನಿಮ್ಮ ಹಲ್ಲಿನ ಹಾಗೆ!

"ಸ್ವಾಮಿ, ಇದು ಪಾಕು. ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಅಂತ ಕೆಜಿ ಲೆಕ್ಕದಲ್ಲಿ ಸಿಗುತ್ತದಲ್ಲ, ಅದೇ" ಅಂದೆ. ಅಪ್ಪನ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ಸೌತೆಕಾಯಿ ತಿನ್ನೋ ರಾಕ್ಷಸನಿಗೆ ಇಷ್ಟು ದಿನ ಹೆದರಿಕೊಂಡಿದ್ವಲ್ಲೋ" ಅಂತ ನಕ್ಕರೂ ನಕ್ಕರು. ಹುಡುಗ ಮೆಲ್ಲಗೆ ಹೋಗಿ ಚೀಟಿ ಕಿತ್ತ.

ಅಷ್ಟಕ್ಕೆ ಮುಗಿಯಲಿಲ್ಲ. "ಹಾಗಾದರೆ ಕೆರೆಗೆ ಬಿಟ್ಟುಬಿಡೋಣ್ವಾ ಸರ್?" ಅಂದರು ಅಪ್ಪ. ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬಂತು, ಈಗಲೂ ಬರುತ್ತದೆ. ದಯವಿಟ್ಟು ಬಿಡಬೇಡಿ. 2018ರ ಪ್ರವಾಹದಲ್ಲಿ ಕೇರಳದ ಸಾಕಣೆ ಕೊಳಗಳಿಂದ ಹೊರದೇಶದ ಮೀನುಗಳು ತಪ್ಪಿಸಿಕೊಂಡು ನದಿ ಸೇರಿದವು, ಅದರಲ್ಲಿ ಈ ಪಾಕುವೂ ಇತ್ತು. ಅಲ್ಲಿ ಮಳೆ ಮಾಡಿದ್ದನ್ನು ಇಲ್ಲಿ ನಾವೇ ಬಕೆಟ್ ಹಿಡಿದು ಮಾಡಬೇಕಾ? ಕೊನೆಗೆ ಆ ಎರಡನ್ನೂ ಕೊಳ ಇರುವವರೊಬ್ಬರಿಗೆ ಕೊಡಿಸಿದೆ. ಪಾಕು ಎರಡಡಿ ದಾಟಿ ಬೆಳೆಯುವ ಮೀನು, ಅಂಥದ್ದನ್ನು ಎರಡಡಿ ಟ್ಯಾಂಕ್‌ನಲ್ಲಿ ಇಡುವುದೇ? ಅದಕ್ಕೇ ಹೇಳುವುದು, ಬೆಳೆದಾಗ ಎಷ್ಟಾಗುತ್ತದೆ ಅಂತ ತಿಳಿದೇ ಮೀನು ಕೊಳ್ಳಿ ಅಂತ.

ಸಮಯ ಆಗುತ್ತಾ ಬಂತು ಅಂತ ಇಲ್ಲಿ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ.

ಮರಿಯ ಬಣ್ಣ ನೋಡಿ ಮೋಸ ಹೋಗಬೇಡಿ, ಎರಡಕ್ಕೂ ಹೊಟ್ಟೆ ಕೆಂಪೇ. ಪಕ್ಕದಿಂದ ಬಾಯಿ ನೋಡಿ. ಪಿರಾನಾದ ಕೆಳದವಡೆ ಮುಂದೆ ಚಾಚಿರುತ್ತದೆ, ಹಲ್ಲು ತ್ರಿಕೋನ, ಗರಗಸದ ಹಾಗೆ. ಪಾಕುವಿಗೆ ದವಡೆ ಚಾಚಿರುವುದಿಲ್ಲ. ಹಾಗಂತ ಪಾಕುವಿನ ಬಾಯಿಗೆ ಬೆರಳು ಕೊಡಬೇಡಿ, ಗಟ್ಟಿ ಬೀಜ ಒಡೆಯುವ ದವಡೆ ಅದು.

ನಿಜವಾದ ಪಿರಾನಾ ಅಂತ ಯಾರಾದರೂ ಕೊಡಲು ಬಂದರೆ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಹೊರದೇಶದ ಮೀನು ತರಿಸಲು ಸರ್ಕಾರದ ಅನುಮತಿ ಬೇಕು, ಗುಟ್ಟಾಗಿ ಕೊಟ್ಟಿದ್ದನ್ನು ಗುಟ್ಟಾಗಿ ತರಬೇಡಿ.

ಒಂಟಿಯಾಗಿ ಇಟ್ಟರೆ ಪಿರಾನಾ ಹೆದರಿಕೊಂಡೇ ಇರುತ್ತದೆ, ಐದಾರು ಬೇಕು. ಒಂದೊಂದೂ ಎಂಟು ಹತ್ತು ಇಂಚು ಆಗುತ್ತದೆ. ಅಂದರೆ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಅದಕ್ಕೆ ಐನೂರು ಲೀಟರ್‌ಗೂ ಜಾಸ್ತಿ ನೀರು ಹಿಡಿಯುತ್ತದೆ, ಅರ್ಧ ಟನ್ ಭಾರ. ಹಾಲ್‌ನಲ್ಲಿರುವ ಶೋಕೇಸ್ ಮೇಲೆ ಇಡುತ್ತೀನಿ ಅಂದರೆ ಆಗುವುದಿಲ್ಲ. ನೀರು 25ರಿಂದ 28 ಡಿಗ್ರಿ ಇರಲಿ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಿ. ವಾರಕ್ಕೊಮ್ಮೆ ಕಾಲುಭಾಗ ಬದಲಿಸಿ.

ತಿನ್ನಲು ಸಿಗಡಿ, ಮೀನಿನ ತುಂಡು ಕೊಡಿ, ಉಳಿದಿದ್ದನ್ನು ಆಗಲೇ ತೆಗೆಯಿರಿ. ನೆಂಟರು ಬಂದಾಗ ಮಜಾ ನೋಡಲು ಜೀವಂತ ಗೋಲ್ಡ್‌ಫಿಶ್ ಹಾಕುತ್ತಾರಲ್ಲ, ಅದು ಬೇಡ, ಅದರ ಜೊತೆ ರೋಗವೂ ಬರುತ್ತದೆ. ಹಸಿದಿಟ್ಟರೆ ಒಂದರ ಬಾಲ ಇನ್ನೊಂದು ಕಚ್ಚುತ್ತದೆ. ಮೀನು ಹಿಡಿಯುವಾಗ ಬಲೆ ಬೇಡ, ಕಚ್ಚಿ ಹರಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬ ಬಳಸಿ. ನಮಸ್ಕಾರ.