ಎಂಟನೇ ಹೆನ್ರಿಗೆ ಅಳಿಯಕಟ್ಟು ಗೊತ್ತಿದ್ದರೆ?

(ದೃಶ್ಯ: ಉಳ್ಳಾಲ. ಅಬ್ಬಕ್ಕನ ಪ್ರತಿಮೆ. ಹಿಂದೆ ಬಸ್ಸಿನ ಹಾರ್ನ್.)

ನಮಸ್ಕಾರ. ಇವತ್ತಿನ ವಿಡಿಯೋ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಬಗ್ಗೆ. ಆರು ಮದುವೆಯಾದವನು. ಅದರಲ್ಲಿ ಇಬ್ಬರು ಹೆಂಡತಿಯರ ತಲೆ ತೆಗೆಸಿದವನು. ಹಾಗಾದರೆ ಉಳ್ಳಾಲದಲ್ಲಿ ಎಂತಕ್ಕೆ ನಿಂತಿದ್ದೀರಿ ಮಾರಾಯ್ರೆ ಅಂತ ಕೇಳ್ತೀರಾ? ಸ್ವಲ್ಪ ತಡೆಯಿರಿ.

ಹೋದ ವಾರ ಮನೆಯಲ್ಲಿ ಈ ಸ್ಕ್ರಿಪ್ಟ್ ಬರೆಯುತ್ತಾ ಕೂತಿದ್ದೆ. ಅಜ್ಜಿ ಪಕ್ಕದಲ್ಲಿ ಬಸಳೆ ಬಿಡಿಸುತ್ತಿದ್ದರು. ಯಾರ ಕಥೆ ಅಂತ ಕೇಳಿದರು. ಗಂಡು ಮಗು ಬೇಕು ಅಂತ ಒಬ್ಬ ರಾಜ ಇಷ್ಟೆಲ್ಲ ಮಾಡಿದ ಅಂದೆ. ಅಜ್ಜಿ ದಂಟು ಮುರಿಯುವುದನ್ನು ನಿಲ್ಲಿಸಿದರು. "ಅವನಿಗೆ ಅಕ್ಕ ತಂಗಿ ಇರಲಿಲ್ವಾ?"

ಇದ್ದರು. ಇಬ್ಬರಿದ್ದರು. ಅಕ್ಕ ಮಾರ್ಗರೆಟ್, ತಂಗಿ ಮೇರಿ. ನಮ್ಮ ತುಳುನಾಡಿನ ಅಳಿಯಕಟ್ಟಿನಲ್ಲಿ ಹಕ್ಕು ಹೋಗುತ್ತಿದ್ದದ್ದು ಅಕ್ಕ ತಂಗಿಯರ ಮಕ್ಕಳಿಗೆ. ಆ ಪ್ರಶ್ನೆ ಕೇಳಿದ ಮೇಲೆ ನನ್ನ ಸ್ಕ್ರಿಪ್ಟ್ ಅರ್ಧ ಹರಿದು ಹಾಕಬೇಕಾಯಿತು.

ಮೊದಲು ಹೆನ್ರಿಯ ಪರವಾಗಿ ಸ್ವಲ್ಪ ವಾದ ಮಾಡೋಣ. ಸುಮ್ನೆ ಬೈಯುವುದು ಸುಲಭ, ಅಲ್ವಾ?

1509ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ 18 ಕೂಡ ತುಂಬಿರಲಿಲ್ಲ. ಅವನ ಅಪ್ಪ 1485ರಲ್ಲಿ ಯುದ್ಧ ಗೆದ್ದು ಕಿರೀಟ ಹಾಕಿಕೊಂಡವನು. ಅಂದರೆ ಮನೆತನ ಹೊಸತು, ಗದ್ದುಗೆ ಇನ್ನೂ ಅಲುಗಾಡುತ್ತಿತ್ತು. ಹೆಣ್ಣಿಗೆ ಪಟ್ಟ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಅವರ ಹತ್ತಿರ ಒಂದೇ ಉದಾಹರಣೆ ಇತ್ತು. ಅದೂ ಕೆಟ್ಟ ಉದಾಹರಣೆ. 1135ರಲ್ಲಿ ಒಂದನೇ ಹೆನ್ರಿ ತೀರಿಕೊಂಡಾಗ ಮಗಳು ಮಟಿಲ್ಡಾಳನ್ನು ಬದಿಗೆ ತಳ್ಳಿ ಸ್ಟೀಫನ್ ಅನ್ನುವ ಸಂಬಂಧಿಕ ಸಿಂಹಾಸನ ಹತ್ತಿದ. ಅದರಿಂದ ಶುರುವಾದ ಒಳಜಗಳ ಮುಗಿಯಲು 1153 ಆಯಿತು. ಗಂಡು ಮಗ ಬೇಕು ಅನ್ನುವುದು ಬರೀ ಹೆನ್ರಿಯ ಹುಚ್ಚು ಆಗಿರಲಿಲ್ಲ.

ಮೊದಲ ಹೆಂಡತಿ ಸ್ಪೇನಿನ ಕ್ಯಾಥರೀನ್. ಅವಳು ಹೆನ್ರಿಯ ಅಣ್ಣ ಆರ್ಥರನ ವಿಧವೆ. ಈ ಮದುವೆಗೆ ಪೋಪ್ ವಿಶೇಷ ಅನುಮತಿ ಕೊಟ್ಟಿದ್ದರು. 1511ರ ಹೊಸ ವರ್ಷದ ದಿನ ಗಂಡು ಮಗು ಹುಟ್ಟಿತು. 52 ದಿನ ಬದುಕಿತು. ಹಲವು ಸಲ ಬಸುರಾದರೂ ಉಳಿದು ಬೆಳೆದದ್ದು 1516ರಲ್ಲಿ ಹುಟ್ಟಿದ ಮೇರಿ ಒಬ್ಬಳೇ.

ಆಮೇಲೆ ಹೆನ್ರಿಗೆ ಬೈಬಲ್ ನೆನಪಾಯಿತು. ಅಣ್ಣನ ಹೆಂಡತಿಯನ್ನು ಕಟ್ಟಿಕೊಂಡವನಿಗೆ ಮಕ್ಕಳಾಗುವುದಿಲ್ಲ ಅಂತ ಯಾಜಕಕಾಂಡದಲ್ಲಿ ಉಂಟು. ಆದರೆ ಅಣ್ಣ ಮಕ್ಕಳಿಲ್ಲದೆ ಸತ್ತರೆ ತಮ್ಮನೇ ಅವನ ಹೆಂಡತಿಯನ್ನು ಮದುವೆಯಾಗಬೇಕು ಅಂತ ಧರ್ಮೋಪದೇಶಕಾಂಡದಲ್ಲಿಯೂ ಉಂಟು. ಹೆನ್ರಿ ತನಗೆ ಬೇಕಾದ ಪುಟವನ್ನು ಮಾತ್ರ ಓದಿದ.

ಆದರೂ ಈ ಮದುವೆ ರದ್ದು ಮಾಡಿ ಅಂತ ಅವನು ಪೋಪ್ ಹತ್ತಿರ ಕೇಳಿದ್ದು ತೀರಾ ಅಪರೂಪದ ವಿಷಯ ಅಲ್ಲ. ಫ್ರಾನ್ಸಿನ ಹನ್ನೆರಡನೇ ಲೂಯಿಯ ಮದುವೆಯನ್ನು ಪೋಪ್ 1498ರಲ್ಲಿ ರದ್ದು ಮಾಡಿದ್ದರು. ಹೆನ್ರಿಯ ಸ್ವಂತ ಅಕ್ಕ ಮಾರ್ಗರೆಟ್ಟಿನ ಎರಡನೇ ಮದುವೆಯೂ ಹೀಗೆಯೇ ಮುರಿದಿತ್ತು. ಹಾಗಾದರೆ ಹೆನ್ರಿಗೆ ಮಾತ್ರ ಯಾಕೆ ಆಗಲಿಲ್ಲ? 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ ರೋಮ್ ನಗರವನ್ನು ಸೂರೆ ಮಾಡಿತು. ಪೋಪ್ ಅವನ ಕೈಯಲ್ಲಿ ಸಿಕ್ಕಿಬಿದ್ದರು. ಆ ಚಾರ್ಲ್ಸ್ ಯಾರು ಗೊತ್ತಾ? ಕ್ಯಾಥರೀನಳ ಅಕ್ಕನ ಮಗ! ಚಿಕ್ಕಮ್ಮನನ್ನು ಬಿಡಿಸಲಿಕ್ಕೆ ಅವನು ಒಪ್ಪುತ್ತಾನಾ?

ಇಲ್ಲಿಯವರೆಗೆ ನಾನು ಹೆನ್ರಿಯ ಜೊತೆ ನಿಲ್ಲಬಲ್ಲೆ. ಪೂರ್ತಿ ಅಲ್ಲ, ಒಂದು ಕಾಲಿನಲ್ಲಿ.

(ದೃಶ್ಯ: ಲಂಡನ್ ಟವರಿನ ಚಿತ್ರ.)

ಆಮೇಲಿನದ್ದು ಬೇರೆ. 1533ರಲ್ಲಿ ಆನ್ ಬೊಲಿನ್ ಜೊತೆ ಮದುವೆ. 1534ರಲ್ಲಿ ಚರ್ಚಿಗೆ ರಾಜನೇ ಯಜಮಾನ ಅಂತ ಕಾನೂನು. ಇದನ್ನು ಒಪ್ಪದ, ಅವನದೇ ಮಂತ್ರಿಯಾಗಿದ್ದ ಥಾಮಸ್ ಮೋರ್ ತಲೆ 1535ರಲ್ಲಿ ಹೋಯಿತು. ಮಠಗಳನ್ನು ಒಂದೊಂದಾಗಿ ಮುಚ್ಚಿಸಿ, ಅವುಗಳ ಆಸ್ತಿಯನ್ನು ಬೊಕ್ಕಸಕ್ಕೆ ಸೇರಿಸಿದ. ಹೆಂಡತಿಯನ್ನು ಬಿಡಲಿಕ್ಕೆ ಹೊರಟವನಿಗೆ ಮಠದ ಜಾಗ ಎಂತಕ್ಕೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆನ್‌ಗೆ ಹುಟ್ಟಿದ್ದೂ ಹೆಣ್ಣೇ, ಎಲಿಜಬೆತ್. ಮೂರು ವರ್ಷದೊಳಗೆ ಅವಳ ಮೇಲೆ ಆರೋಪ ಬಂತು. ಐವರು ಗಂಡಸರ ಜೊತೆ ಸಂಬಂಧ, ಅದರಲ್ಲಿ ಒಬ್ಬ ಸ್ವಂತ ಸಹೋದರ. ಆರೋಪಪಟ್ಟಿಯಲ್ಲಿ ಬರೆದ ಹಲವು ದಿನಗಳಲ್ಲಿ ಅವಳು ಆ ಜಾಗದಲ್ಲಿ ಇರಲೇ ಇಲ್ಲ. ವಿಚಾರಣೆಯಲ್ಲಿ ಕೂತು ಮರಣದಂಡನೆ ಓದಿದ್ದು ನಾರ್ಫೋಕಿನ ಡ್ಯೂಕ್. ಅವಳ ಸೋದರಮಾವ, ಅಮ್ಮನ ಅಣ್ಣ. ನಮ್ಮ ಕಡೆ ಸೋದರಮಾವ ಅಂದರೆ ಎಂತ ಅಂತ ನಾನು ಬಿಡಿಸಿ ಹೇಳಬೇಕಾ?

ಇನ್ನೊಂದು ವಿಷಯ ಕೇಳಿ. 1536ರ ಮೇ 17ರಂದು ಅವಳ ಮದುವೆ ಅಸಿಂಧು ಅಂತ ತೀರ್ಪಾಯಿತು. ಅಂದರೆ ಅವಳು ಯಾವತ್ತೂ ಹೆನ್ರಿಯ ಹೆಂಡತಿ ಆಗಿರಲೇ ಇಲ್ಲ. ಎರಡು ದಿನ ಬಿಟ್ಟು, ಗಂಡನಿಗೆ ದ್ರೋಹ ಮಾಡಿದಳು ಅಂತ ತಲೆ ಕತ್ತರಿಸಿದರು. ಹೆಂಡತಿಯೇ ಅಲ್ಲದವಳು ಯಾವ ಗಂಡನಿಗೆ ದ್ರೋಹ ಮಾಡಿದ್ದು? ಇದನ್ನು ಇವತ್ತಿನ ಕಾಲದ ಅಳತೆಗೋಲಿನಿಂದ ಅಳೆಯಬೇಡಿ ಅನ್ನುವವರಿದ್ದಾರೆ. ಸರಿ, ಅಳೆಯುವುದಿಲ್ಲ. ಅವನ ಕಾಲದ್ದೇ ಅಳತೆಗೋಲು ಇಟ್ಟರೂ ಇದು ನಿಲ್ಲುವುದಿಲ್ಲ.

ಕೊಲ್ಲುವವನು ಕೈ ಪಳಗಿದವನು ಅಂತ ಕೇಳಿ, "ನನ್ನ ಕತ್ತೂ ಸಣ್ಣದೇ" ಅಂತ ಆನ್ ನಕ್ಕಳಂತೆ. ಅವಳನ್ನು ಸೆರೆಯಿಟ್ಟಿದ್ದ ಲಂಡನ್ ಟವರಿನ ಅಧಿಕಾರಿಯೇ ಪತ್ರದಲ್ಲಿ ಬರೆದಿದ್ದಾನೆ. ಅವಳು ಸತ್ತ 11ನೇ ದಿನ ಹೆನ್ರಿ ಜೇನ್ ಸೀಮರ್‌ಗೆ ಉಂಗುರ ತೊಡಿಸಿದ. ನಮ್ಮಲ್ಲಿ ಸೂತಕ ಕಳೆಯಲಿಕ್ಕೂ ಜಾಸ್ತಿ ದಿನ ಬೇಕು. ಜೇನ್ 1537ರಲ್ಲಿ ಮಗ ಎಡ್ವರ್ಡ್‌ನನ್ನು ಹೆತ್ತು 12 ದಿನಕ್ಕೆ ತೀರಿಕೊಂಡಳು.

ನಾಲ್ಕನೆಯವಳು ಜರ್ಮನಿಯ ಕ್ಲೀವ್ಸ್ ಊರಿನ ಆನ್. ಇದು ನನಗೆ ಇಷ್ಟದ ಭಾಗ. 1540ರ ಹೊಸ ವರ್ಷದ ದಿನ ಹೆನ್ರಿ ವೇಷ ಮರೆಸಿಕೊಂಡು ಅವಳ ಕೋಣೆಗೆ ನುಗ್ಗಿದ. ನೋಡಿದ ಕೂಡಲೇ ಗುರುತಿಸಿ ಸೋತುಹೋಗುತ್ತಾಳೆ ಅಂತ ಲೆಕ್ಕ. ಅವಳು ಕಿಟಕಿಯಲ್ಲಿ ನಿಂತು ಕೆಳಗೆ ಗೂಳಿಯ ಮೇಲೆ ನಾಯಿ ಬಿಡುವ ಆಟ ನೋಡುತ್ತಿದ್ದಳು. ಇವನು ಬಂದು ಮಾತನಾಡಿಸಿದರೆ ಸರಿಯಾಗಿ ತಿರುಗಿಯೂ ನೋಡಲಿಲ್ಲ. ಕೋಳಿ ಅಂಕ ನೋಡುವವರನ್ನು ಕರೆದು ನೋಡಿ, ತಿರುಗುತ್ತಾರಾ? ಪೆಚ್ಚಾದ ಹೆನ್ರಿ ಹೊರಗೆ ಹೋಗಿ ರಾಜನ ಉಡುಪು ತೊಟ್ಟು ಬಂದ. ಅವಳನ್ನು ಕಂಡರೆ ಆಗದಾಯಿತು. ಆರು ತಿಂಗಳಿಗೆ ಮದುವೆ ರದ್ದು. ಅವಳು ತಕರಾರು ಮಾಡಲಿಲ್ಲ. ಮನೆ, ಜಾಗ, ವರ್ಷಕ್ಕೆ ಇಷ್ಟು ಅಂತ ಹಣ, ಮೇಲಿಂದ "ರಾಜನ ಪ್ರೀತಿಯ ತಂಗಿ" ಅನ್ನುವ ಮರ್ಯಾದೆ ಸಿಕ್ಕಿತು.

ನನ್ನ ತೀರ್ಪು ಇಲ್ಲಿಯೇ ನಿಲ್ಲುವುದು. ಬೇಡದ ಹೆಂಡತಿಯನ್ನು ಜೀವ ತೆಗೆಯದೆ ಬಿಡುವುದು ಹೇಗೆ ಅಂತ ಹೆನ್ರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ, ಎರಡು ವರ್ಷದೊಳಗೆ ಐದನೆಯವಳು ಕ್ಯಾಥರೀನ್ ಹೊವಾರ್ಡಳ ತಲೆ ತೆಗೆಸಿದ. ಅವನ ಮಗಳು ಮೇರಿಗಿಂತಲೂ ಚಿಕ್ಕ ಹುಡುಗಿ. ನ್ಯಾಯಾಲಯದ ವಿಚಾರಣೆಯೇ ಇಲ್ಲದೆ ಪಾರ್ಲಿಮೆಂಟಿನಲ್ಲಿ ಮಸೂದೆ ಪಾಸು ಮಾಡಿಸಿ ಕೊಂದದ್ದು. ಆರನೆಯವಳು ಕ್ಯಾಥರೀನ್ ಪಾರ್ ಬದುಕುಳಿದಳು. 1547ರಲ್ಲಿ ಹೆನ್ರಿಯೇ ಹೋದ.

(ದೃಶ್ಯ: ಮತ್ತೆ ಅಬ್ಬಕ್ಕನ ಪ್ರತಿಮೆ, ಹತ್ತಿರದಿಂದ.)

ಈಗ ಅಜ್ಜಿಯ ಪ್ರಶ್ನೆ. ತುಳುನಾಡಿನ ಅಳಿಯಕಟ್ಟಿನಲ್ಲಿ ಮಾವನ ಅಧಿಕಾರ ಮಗನಿಗಲ್ಲ, ಅಕ್ಕ ತಂಗಿಯರ ಮಕ್ಕಳಿಗೆ. ಚೌಟರ ಮನೆಯ ಅಬ್ಬಕ್ಕ ಉಳ್ಳಾಲದ ರಾಣಿಯಾದದ್ದು ಈ ಕಟ್ಟಿನಿಂದಲೇ. ಮಾವ ತಿರುಮಲರಾಯ ಅವಳಿಗೆ ಪಟ್ಟ ಕಟ್ಟಿದ ಅಂತ ನಮ್ಮವರು ಹೇಳುತ್ತಾರೆ. ಗಂಡ, ಮಂಗಳೂರಿನ ಬಂಗರಸನ ಜೊತೆ ಹೊಂದಿಕೆಯಾಗದಾಗ ಅವನು ಕೊಟ್ಟ ಒಡವೆ ವಾಪಸ್ ಕಳಿಸಿ ಊರಿಗೆ ಬಂದಳಂತೆ. ಅವಳ ಗದ್ದುಗೆಗೆ ಎಂತದೂ ಆಗಲಿಲ್ಲ, ಯಾಕೆಂದರೆ ಅದು ಗಂಡನಿಂದ ಬಂದದ್ದೇ ಅಲ್ಲ.

ನಮ್ಮದು ಸ್ವರ್ಗವಾಗಿತ್ತು ಅಂತ ತಿಳಿಯಬೇಡಿ. ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ ಇತ್ತು. ಕುಟುಂಬದ ಪಾಲಿಗಾಗಿ ನಡೆದ ಕೋರ್ಟು ಜಗಳದ ಕಾಗದ ಅಜ್ಜಿಯ ಕಪಾಟಿನಲ್ಲಿ ಈಗಲೂ ಒಂದು ಕಟ್ಟು ಉಂಟು, ಕೆಂಪು ಬಟ್ಟೆ ಸುತ್ತಿ.

ಆದರೆ ಹೆನ್ರಿಯ ಲೆಕ್ಕ ನೋಡಿ. ಅಕ್ಕ ಮಾರ್ಗರೆಟ್ ಸ್ಕಾಟ್ಲೆಂಡಿನ ರಾಣಿ. ಅವಳಿಗೆ 1512ರಲ್ಲಿ ಜೇಮ್ಸ್ ಹುಟ್ಟಿದ. ಅಳಿಯಕಟ್ಟಿನ ಪ್ರಕಾರ ಹೆನ್ರಿಗೆ 21 ತುಂಬುವ ಮೊದಲೇ ಉತ್ತರಾಧಿಕಾರಿ ರೆಡಿ! ಹೆನ್ರಿ ಅದೇ ಅಳಿಯನ ಮೇಲೆ ಯುದ್ಧ ಮಾಡಿದ. 1542ರಲ್ಲಿ ಸೋತ ಜೇಮ್ಸ್ ಕೆಲವೇ ವಾರಗಳಲ್ಲಿ ಸತ್ತ. ಸಾಲದ್ದಕ್ಕೆ ಹೆನ್ರಿ ತನ್ನ ಉಯಿಲಿನಲ್ಲಿ ಅಕ್ಕನ ವಂಶವನ್ನೇ ಬದಿಗಿಟ್ಟ.

ಅಷ್ಟು ಪಾಡುಪಟ್ಟು ಪಡೆದ ಎಡ್ವರ್ಡ್ 15ನೇ ವಯಸ್ಸಿಗೆ ತೀರಿಕೊಂಡ. ಬೇಡವಾಗಿದ್ದ ಹೆಣ್ಣುಮಕ್ಕಳು ಮೇರಿ, ಎಲಿಜಬೆತ್ ಒಬ್ಬರಾದ ಮೇಲೆ ಒಬ್ಬರು ಆಳಿದರು. ಎಲಿಜಬೆತ್ 44 ವರ್ಷ ಆಳಿದಳು. ಮೂವರಿಗೂ ಮಕ್ಕಳಿಲ್ಲ. 1603ರಲ್ಲಿ ಕಿರೀಟ ಹೋದದ್ದು ಯಾರಿಗೆ? ಮಾರ್ಗರೆಟ್ಟಿನ ಮರಿಮಗ, ಸ್ಕಾಟ್ಲೆಂಡಿನ ಆರನೇ ಜೇಮ್ಸ್‌ಗೆ.

ಇದನ್ನು ಅಜ್ಜಿಗೆ ಹೇಳಿದೆ. "ನೋಡು, ಕಡೆಗೆ ಅಕ್ಕನ ಮನೆಗೇ ಹೋಯ್ತಲ್ಲ" ಅಂದು ಬಸಳೆಯ ಪಾತ್ರೆ ಎತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ತಿರುಗಿ, "ಆ ಕಿಟಕಿಯಲ್ಲಿ ನಿಂತಿದ್ದ ಹೆಂಗಸು ಎಂತ ಆದಳು?" ಅಂತ ಕೇಳಿದರು.

ಕೊಟ್ಟ ಮನೆಯಲ್ಲಿ ಆರಾಮಾಗಿದ್ದಳು ಅಜ್ಜಿ. 1557ರವರೆಗೆ ಇದ್ದಳು. ಆರು ಜನರಲ್ಲಿ ಎಲ್ಲರಿಗಿಂತ ಕೊನೆಗೆ ಹೋದವಳು ಅವಳೇ.